ದೇವಕ್ಕ ಕೈಕಟ್ಟಿ ಕೂತದ್ದು

ಪೀಣ್ಯ ಎರಡನೇ ಹಂತದ ಸ್ವಿಚ್ ಫ್ಯಾಕ್ಟರಿಯಲ್ಲಿ ನಾವು ಒಂಬತ್ತು ಹೆಂಗಸರು ಒಂದೇ ಬೆಲ್ಟಿನ ಮುಂದೆ ಸಾಲಾಗಿ ಕೂರುತ್ತೇವೆ. ಒಬ್ಬಳು ಬೇಸ್ ಇಟ್ಟರೆ ಮುಂದಿನವಳು ಹಿತ್ತಾಳೆ ಪಟ್ಟಿ ಕೂರಿಸಬೇಕು, ಅವಳ ಮುಂದಿನವಳು ಸ್ಪ್ರಿಂಗ್, ಆಮೇಲೆ ಗುಂಡಿ, ಆಮೇಲೆ ಸ್ಕ್ರೂ. ಸ್ಪ್ರಿಂಗ್ ಇಡುವವಳು ನಾನು, ವೇಣಿ. ಅಕ್ಕಿಕಾಳಿನಷ್ಟಿರುವ ಆ ಸ್ಪ್ರಿಂಗನ್ನು ಹನ್ನೊಂದು ವರ್ಷ ಇಟ್ಟರೂ ಅದು ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಬಾಯಿ ಚುರುಕು, ಕೈ ನಿಧಾನ. ಇದನ್ನು ನಾನೇ ಹೇಳಿಕೊಂಡರೆ ತೊಂದರೆಯಿಲ್ಲ, ಬೇರೆಯವರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಮುಂದಿನ ಜಾಗದಲ್ಲಿ ಗುಂಡಿ ಕೂರಿಸುವವಳು ದೇವಕ್ಕ. ಈ ಕಥೆ ಅವಳದ್ದು, ನನ್ನದಲ್ಲ. ಆದರೆ ನನ್ನ ನಿಧಾನದ ಕೈ ನಡುನಡುವೆ ಬರಲೇಬೇಕು, ಅದಿಲ್ಲದೆ ಕಥೆ ಮುಂದೆ ಹೋಗುವುದಿಲ್ಲ.

ದೇವಕ್ಕ ಸುರಪುರದ ಕಡೆಯವಳು. ಗಂಡ ಹಣಮಂತನಿಗೆ ಕಟ್ಟಡಗಳಲ್ಲಿ ಕಂಬಿ ಕಟ್ಟುವ ಕೆಲಸ. ಎಂಟು ವರ್ಷದ ಕೆಳಗೆ ಇಬ್ಬರೂ ಬಂದು ಲಗ್ಗೆರೆಯಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಒಂದು ರೂಮು ಬಾಡಿಗೆಗೆ ಹಿಡಿದರು. ಅವಳಿಗೆ ಓದು ಬಾರದು. ಚಿಕ್ಕಂದಿನಲ್ಲೆಲ್ಲ ಹತ್ತಿ ಬಿಡಿಸಿದ ಕೈ. ಆ ಕೈಯ ವೇಗವನ್ನು ಏನೆಂದು ಹೇಳಲಿ? ಗುಂಡಿ ಕೂರಿಸುವಾಗ ಅವಳ ಬೆರಳು ಕಾಣಿಸುವುದೇ ಇಲ್ಲ, ಟಕ್ ಎಂಬ ಸದ್ದು ಮಾತ್ರ ಕೇಳಿಸುತ್ತದೆ. ಹೊಸಬರು ಕೆಲಸಕ್ಕೆ ಬಂದರೆ ಸೂಪರ್‌ವೈಸರ್ ಪರಮಾನಂದ ಅವರನ್ನು ಮೊದಲು ದೇವಕ್ಕನ ಹಿಂದೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಅಪ್ಪಿತಪ್ಪಿಯೂ ವೇಣಿಯ ಕಡೆ ನೋಡಬೇಡಿ ಎನ್ನುತ್ತಾನೆ.

ಲೈನಿನಲ್ಲಿ ಒಂದು ಪದ್ಧತಿ ಇದೆ. ಯಾರೂ ಹೇಳಿಕೊಟ್ಟದ್ದಲ್ಲ, ಕೂತು ಕೂತು ಬಂದದ್ದು. ಹಿಂದಿನವಳ ಕೈಯಿಂದ ಅರೆಬರೆ ಪೀಸ್ ಬಂದರೆ ಮುಂದಿನವಳು ಸದ್ದಿಲ್ಲದೆ ಅದನ್ನು ಸರಿಮಾಡಿ, ತನ್ನ ಕೆಲಸವನ್ನೂ ಮುಗಿಸಿ ಮುಂದೆ ದಾಟಿಸುತ್ತಾಳೆ. ದಾಟಿಸದಿದ್ದರೆ ಬೆಲ್ಟು ನಿಲ್ಲುತ್ತದೆ, ಬೆಲ್ಟು ನಿಂತರೆ ಎಲ್ಲರ ಟಾರ್ಗೆಟ್ಟೂ ಹಾಳು. ಐದು ವರ್ಷದಿಂದ ನನ್ನ ಕೈಯಿಂದ ಜಾರಿದ ಸ್ಪ್ರಿಂಗುಗಳನ್ನೆಲ್ಲ ದೇವಕ್ಕನೇ ಕೂರಿಸುತ್ತಿದ್ದಳು. ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ನಾನೂ ಹಾಯಾಗಿದ್ದೆ. ಸುಳ್ಳೇಕೆ ಹೇಳಲಿ, ಸ್ಪ್ರಿಂಗ್ ಸ್ವಲ್ಪ ಜಾರಿದರೂ ಹಾಗೇ ಮುಂದಕ್ಕೆ ತಳ್ಳಿ ಊರಿನ ಸುದ್ದಿ ಶುರುಮಾಡುತ್ತಿದ್ದೆ.

ದೇವಕ್ಕನ ಮಗಳು ಶಾಂಭವಿ. ಹುಟ್ಟಿದಾಗಿನಿಂದ ಮೈ ಮೆತ್ತಗೆ. ಕತ್ತು ನಿಂತದ್ದು ತಡ, ಕೂತದ್ದು ತಡ, ನಡೆದದ್ದೂ ತಡ. ಮಾತಿಗೇನೂ ಕಡಿಮೆಯಿಲ್ಲ, ನನ್ನನ್ನೇ ಮೀರಿಸುತ್ತಾಳೆ. ಆದರೆ ಐದು ತುಂಬಿದರೂ ಕೈ ಮಾತ್ರ ಅವಳದ್ದಾಗಲಿಲ್ಲ. ಅನ್ನ ಎತ್ತಲು ಹೋದರೆ ಇಡೀ ಮುಷ್ಟಿ ತಟ್ಟೆಗೆ ಬೀಳುತ್ತಿತ್ತು, ಬಾಯಿಗೆ ಹೋಗುವಷ್ಟರಲ್ಲಿ ಮುಷ್ಟಿ ಖಾಲಿ. ಬಳಪ ಹಿಡಿದರೆ ಜಾರುತ್ತಿತ್ತು. ಗುಂಡಿ, ಮುಚ್ಚಳ, ನಲ್ಲಿ ಯಾವುದೂ ಅವಳಿಗೆ ಬಗ್ಗುತ್ತಿರಲಿಲ್ಲ. ಮಕ್ಕಳ ಆಸ್ಪತ್ರೆಯ ಡಾಕ್ಟರು ನೋಡಿ, ಬುದ್ಧಿ ಚೆನ್ನಾಗಿದೆ, ಸ್ನಾಯುಗಳಲ್ಲಿ ಬಿಗಿ ಕಡಿಮೆ, ಬೆರಳಿನ ಕೆಲಸ ಹಿಂದೆ ಬಿದ್ದಿದೆ, ಆಕ್ಯುಪೇಷನಲ್ ಥೆರಪಿ ಮಾಡಿಸಿ ಎಂದು ಬರೆದುಕೊಟ್ಟರು. ಆ ಹೆಸರನ್ನು ದೇವಕ್ಕ ಕೊನೆಯವರೆಗೂ ಪೂರ್ತಿ ಹೇಳಲಿಲ್ಲ. ಅವಳ ಬಾಯಲ್ಲಿ ಅದು ಕೈ ಸಾಲಿ. ಕೈಗೆ ಹೇಳಿಕೊಡುವ ಶಾಲೆ.

ರಿಂಗ್ ರೋಡಿನ ಆಚೆ ಒಂದು ಟ್ರಸ್ಟಿನವರು ಅಂಥ ಸೆಂಟರ್ ನಡೆಸುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಪ್ರತಿ ಶನಿವಾರ, ಫಸ್ಟ್ ಶಿಫ್ಟ್ ಮುಗಿಸಿ, ದೇವಕ್ಕ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದಳು. ಥೆರಪಿ ಮಾಡುವವರು ಸವಿತಾ ಮೇಡಂ. ಅವರು ಮನೆಯಲ್ಲಿ ಮಾಡಿಸಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಡುತ್ತಿದ್ದರು, ಅದನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. ಹಿಟ್ಟು ಹಿಂಡುವುದು, ಒದ್ದೆ ಸ್ಪಂಜು ಹಿಚುಕುವುದು, ಡಬ್ಬದ ಅಂಚಿಗೆ ಬಟ್ಟೆ ಕ್ಲಿಪ್ಪು ಹಾಕುವುದು, ದಾರಕ್ಕೆ ಮಣಿ ಪೋಣಿಸುವುದು. ಮೊದಲ ಹಾಳೆ ಓದಿ ನಾನು ನಕ್ಕುಬಿಟ್ಟಿದ್ದೆ. ಇದಕ್ಕೆ ಸೆಂಟರ್ ಬೇರೆ ಬೇಕೇ ಅನ್ನಿಸಿತು. ಎಂಥ ದಡ್ಡಿ ನಾನು.

ಫೆಬ್ರವರಿಯಲ್ಲಿ ಶಾಲೆಗೆ ಹೆಸರು ಬರೆಸಲು ಹೋದಾಗ ವಿಷಯ ಗಂಭೀರವಾಯಿತು. ಅಲ್ಲಿಯವರೆಗೆ ಅಂಗನವಾಡಿಯಲ್ಲಿ ಪಿಳ್ಳಮ್ಮ ಎಂಬ ಪುಣ್ಯಾತ್ಗಿತ್ತಿ ಶಾಂಭವಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಶಾಲೆಯ ಹೆಡ್ ಮೇಡಂ ನೇರ ಮಾತಿನವರು.

"ಒಂದನೇ ಕ್ಲಾಸಲ್ಲಿ ಐವತ್ತೆರಡು ಮಕ್ಕಳು, ಟೀಚರ್ ಒಬ್ರೇ. ತಿನ್ಸೋಕೆ, ಚಡ್ಡಿ ಏರಿಸೋಕೆ ನನ್ನ ಹತ್ರ ಆಯಾ ಇಲ್ಲಮ್ಮ. ಊಟ ಅವಳೇ ಮಾಡ್ಬೇಕು, ಟಾಯ್ಲೆಟ್ಟಿಗೆ ಅವಳೇ ಹೋಗಿ ಬರ್ಬೇಕು. ಅಷ್ಟಾದ್ರೆ ಜೂನಲ್ಲಿ ಮೊದಲನೇ ದಿನ ಕರ್ಕೊಂಡು ಬನ್ನಿ, ನೋಡೋಣ. ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಮನೇಲಿರ್ಲಿ."

ಜೂನಿನಿಂದ ಅಂಗನವಾಡಿಯೂ ಇಲ್ಲ, ಮನೆಯಲ್ಲಿ ಯಾರಿದ್ದಾರೆ? ಬೆಳಗಾದರೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ. ಹಣಮಂತ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ. ಆ ದಿನ ಶಾಲೆಯವರು ಬೇಡವೆಂದರೆ ಅಂದೇ ಸಂಜೆಯ ಬಸ್ಸಿಗೆ ಮಗಳನ್ನು ಊರಿಗೆ ಕರೆದೊಯ್ದು ತನ್ನ ತಾಯಿಯ ಹತ್ತಿರ ಬಿಟ್ಟು ಬರುವುದು. ಅವನು ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಬೇರೆ ದಾರಿ ಅವನಿಗೆ ಕಾಣಲಿಲ್ಲ. ಆದರೆ ಊರಲ್ಲಿ ಥೆರಪಿಯಿಲ್ಲ. ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ವರ್ಷವಾದರೂ ತಿನ್ನಿಸುತ್ತಾಳೆ. ಅದಾಗಿಬಿಟ್ಟರೆ ಆ ಕೈ ಇನ್ನೆಂದೂ ಏಳುವುದಿಲ್ಲವೆಂದು ದೇವಕ್ಕನಿಗೆ ಭಯ. ಊಟದ ಡಬ್ಬಿ ಬಿಚ್ಚುವಾಗ ನನ್ನೆದುರು ಎರಡು ಸಲ ಅತ್ತಿದ್ದಳು.

ಮಾರ್ಚ್ ಬಂದರೂ ಶಾಂಭವಿಯ ಕೈಯಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸವಿತಾ ಮೇಡಂ ತಲೆ ಕೆಡಿಸಿಕೊಂಡರು. ದಿನಾ ಮಾಡಿಸ್ತಿದೀರಾ ಎಂದರೆ ದೇವಕ್ಕ ಹೌದ್ರಿ ಎನ್ನುತ್ತಿದ್ದಳು. ಇಪ್ಪತ್ತು ಕ್ಲಿಪ್ಪೂ ಹಾಕುತ್ತಾಳಾ ಎಂದರೆ ಹಾಕ್ತಾಳ್ರಿ. ಅವಳು ಸುಳ್ಳು ಹೇಳುವವಳಲ್ಲ, ಅದು ನನಗೆ ಗೊತ್ತು.

ಒಂದು ಸಂಜೆ ಹೊಸ ಹಾಳೆ ಓದಿ ಹೇಳಲು ಅವರ ರೂಮಿಗೆ ಹೋದೆ. ತಾಯಿ ಮಗಳು ಕ್ಲಿಪ್ಪು, ಡಬ್ಬ ಇಟ್ಟುಕೊಂಡು ಕೂತಿದ್ದರು. ಶಾಂಭವಿ ಒಂದು ಕ್ಲಿಪ್ಪು ಎತ್ತಿಕೊಂಡು ಎರಡೂ ಕೈಯಿಂದ ಅದುಮಿದಳು. ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಅದುಮುವಷ್ಟರಲ್ಲಿ ದೇವಕ್ಕನ ಕೈ ಬಂದು ಟಕ್ ಅಂತ ಕ್ಲಿಪ್ಪು ಡಬ್ಬಕ್ಕೆ ಕೂತಿತ್ತು. ಮುಂದಿನದ್ದೂ ಹಾಗೇ, ಅದರ ಮುಂದಿನದ್ದೂ ಹಾಗೇ. ನಾಲ್ಕನೆಯದಕ್ಕೆ ಹುಡುಗಿ ಕ್ಲಿಪ್ಪನ್ನು ಸುಮ್ಮನೆ ಮುಟ್ಟಿ, ಕೈಯನ್ನು ಮಡಿಲಿಗೆ ಎಳೆದುಕೊಂಡು, ಗೋಡೆಯ ಮೇಲಿನ ಹಲ್ಲಿಯ ವಿಷಯ ಮಾತಾಡಲು ಶುರುಮಾಡಿತು.

ಆ ಹುಡುಗಿಯನ್ನು ನಾನು ಚೆನ್ನಾಗಿ ಬಲ್ಲೆ, ಹನ್ನೊಂದು ವರ್ಷದಿಂದ ಲೈನಿನಲ್ಲಿ ಹಾಗೇ ಕೂತಿದ್ದೇನೆ.

"ದೇವಕ್ಕ, ಈ ಇಪ್ಪತ್ತರಲ್ಲಿ ಅವಳು ಹಾಕಿದ್ದೆಷ್ಟು?" ಎಂದೆ.

"ಇಬ್ಬರೂ ಕೂಡಿ ಹಾಕೀವಿ."

"ಕೂಡಿ ಅಲ್ಲ ಕಣೆ, ನೀನೇ ಹಾಕಿದ್ದು. ನನ್ನ ಪೀಸ್ ಮುಗಿಸ್ದಂಗೆ ಅವಳ ಪೀಸೂ ಮುಗಿಸ್ತಾ ಇದೀಯ."

"ಅಕಿ ಕೈಯಾಗ ಬಲ ಇಲ್ಲಂತ ಡಾಕ್ಟರೇ ಹೇಳ್ಯಾರ. ನಾ ಸುಮ್ಮ ನೋಡಿಕೋತ ಕುಂದ್ರಬೇಕೇನು?"

"ಹೂಂ, ಕೂತ್ಕೋ."

"ನಿನ್ನ ಮಕ್ಕಳ ಕೈ ಗಟ್ಟಿ ಅದಾವ ವೇಣಕ್ಕ. ನಿನಗೇನು ತಿಳೀತದ," ಎಂದಳು. "ಐದು ವರ್ಷ ನಿನ್ನ ಪೀಸ್ ಮುಗಿಸೀನಿ. ಅದೂ ತಪ್ಪೇನು ಹಂಗಾರ?"

"ತಪ್ಪೇ. ಅದಕ್ಕೇ ನಾನು ಇವತ್ತಿಗೂ ಹಿಂಗಿರೋದು."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಏನು ಪ್ರಯೋಜನ? ನನ್ನ ಬಾಯಿಯೇ ಅಷ್ಟು. ಹಾಳೆಯನ್ನು ಓದದೆ ಅಲ್ಲೇ ಇಟ್ಟು ಬಂದೆ.

ಮರುದಿನ ಬೆಳಗಿನ ಶಿಫ್ಟಿನಲ್ಲಿ ನನ್ನ ಮೊದಲನೆಯ ಸ್ಪ್ರಿಂಗ್ ಜಾರಿತು. ಅಭ್ಯಾಸಬಲದಿಂದ ಪೀಸನ್ನು ಮುಂದಕ್ಕೆ ತಳ್ಳಿದೆ. ದೇವಕ್ಕ ಅದನ್ನು ನೋಡಿದಳು, ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿಕೊಂಡಳು, ನೆಟ್ಟಗೆ ಮುಂದೆ ನೋಡುತ್ತಾ ಕೂತಳು. ಬೆಲ್ಟು ನಿಂತಿತು. ಏಳು ಜನ ಹೆಂಗಸರು ಕತ್ತು ಹೊರಳಿಸಿ ನನ್ನನ್ನು ನೋಡಿದರು. ಪರಮಾನಂದ ಓಡಿ ಬಂದ.

"ಏನಮ್ಮ ವೇಣಿ, ನಿದ್ದೆ ಇನ್ನೂ ಬಿಟ್ಟಿಲ್ವಾ?"

ಆ ದಿನ ಬೆಲ್ಟು ಹದಿನೇಳು ಸಲ ನಿಂತಿತು, ಹದಿನೇಳು ಸಲವೂ ನನ್ನಿಂದಲೇ. ಸಿಟ್ಟಿಗೆ ನಾನು ದೇವಕ್ಕನಿಗೆ ಮನಸ್ಸಿನಲ್ಲಿ ಏನೇನು ಶಾಪ ಹಾಕಿದೆನೋ ದೇವರಿಗೇ ಗೊತ್ತು. ಅವಳಿಗೂ ಛಲ, ನನಗೂ ಛಲ. ಮೂರನೆಯ ದಿನ ಪರಮಾನಂದ, ಹಿಂಗೇ ಆದ್ರೆ ಪ್ಯಾಕಿಂಗಿಗೆ ಹಾಕ್ತೀನಿ ಎಂದ. ಪ್ಯಾಕಿಂಗ್ ಎಂದರೆ ಇಡೀ ದಿನ ನಿಂತುಕೊಂಡು ಮಾಡುವ ಕೆಲಸ, ನನ್ನ ಮಂಡಿಗೆ ಆಗದ ಮಾತು. ಬೇರೆ ಗತಿಯಿಲ್ಲದೆ ನಾನು ನನ್ನ ಕೈಯನ್ನು ನೋಡತೊಡಗಿದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಸ್ಪ್ರಿಂಗನ್ನು ಹೆಬ್ಬೆರಳು, ನಡುಬೆರಳಲ್ಲಿ ಹಿಡಿಯುತ್ತಿದ್ದೆ, ಅದಕ್ಕೇ ಜಾರುತ್ತಿತ್ತು. ತೋರುಬೆರಳಿಗೆ ಬದಲಾಯಿಸಿದೆ. ಬೇಸನ್ನು ಸ್ವಲ್ಪ ನನ್ನ ಕಡೆ ವಾಲಿಸಿದರೆ ಸುಲಭವಾಗುತ್ತದೆ ಎಂದು ಒಂದು ವಾರದ ಮೇಲೆ ಹೊಳೆಯಿತು. ಹದಿನೇಳು ಹತ್ತಾಯಿತು, ಹತ್ತು ನಾಲ್ಕಾಯಿತು. ಹನ್ನೆರಡನೆಯ ದಿನ ಇಡೀ ಶಿಫ್ಟು ನನ್ನಿಂದ ಬೆಲ್ಟು ಒಮ್ಮೆಯೂ ನಿಲ್ಲಲಿಲ್ಲ.

ಎರಡು ಗಂಟೆಯ ಸೈರನ್ ಆದ ಮೇಲೂ ದೇವಕ್ಕ ಏಳಲಿಲ್ಲ. ಹನ್ನೆರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದವಳು ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು.

"ಇವತ್ತ ಒಂದೂ ನಿಲ್ಲಲಿಲ್ಲ," ಎಂದಳು.

"ಇಲ್ಲ."

"ನಾ ಕೈ ಹಾಕಿದ್ದಕ್ಕ ಇಷ್ಟು ವರ್ಷ ನೀ ಕಲೀಲಿಲ್ಲೇನು?"

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ನನ್ನ ಕೂಸಿಗೆ ನಾನೇ ಅಡ್ಡ ಆದೆ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಸೆಕೆಂಡ್ ಶಿಫ್ಟಿನವರು ಬಂದು ಜಾಗಕ್ಕೆ ಕಾಯುತ್ತಾ ನಿಂತಿದ್ದರು.

ಆ ಶನಿವಾರ ನಾನೂ ಸೆಂಟರಿಗೆ ಹೋದೆ. ದೇವಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡಳು. ಸವಿತಾ ಮೇಡಂ ಬೈಯಬಹುದೆಂದು ನಾನು ಸೆರಗು ಬಿಗಿದುಕೊಂಡೇ ನಿಂತಿದ್ದೆ, ಬೈದಿದ್ದರೆ ಅವರಿಗೂ ನಾಲ್ಕು ಮಾತು ಬೀಳುತ್ತಿತ್ತು. ಅವರು ಬೈಯಲಿಲ್ಲ.

"ಕೈಯಲ್ಲಿ ಬಲ ಕಡಿಮೆ ಇರೋದು ನಿಮ್ಮಿಂದ ಆದದ್ದಲ್ಲ ದೇವಕ್ಕ, ಅದನ್ನ ತಲೆಯಿಂದ ತೆಗೆದುಹಾಕಿ. ಅವಳ ಕೈಗೆ ಆಗಬೇಕಾದ ಅಭ್ಯಾಸ ನಿಮ್ಮ ಕೈಗೆ ಆಗ್ತಿತ್ತು, ಅಷ್ಟೇ. ಈಗ ತಿರುಗಿಸೋಣ. ಇಲ್ಲಿವರೆಗೆ ಅವಳು ಶುರು ಮಾಡಿದ್ದನ್ನ ನೀವು ಮುಗಿಸ್ತಿದ್ರಿ. ಇನ್ಮೇಲೆ ನೀವು ಶುರು ಮಾಡಿ, ಮುಗಿಸೋದು ಅವಳಿಗೆ ಬಿಡಿ."

ಅದನ್ನು ಮಾಡಿಯೂ ತೋರಿಸಿದರು. ಗುಂಡಿಯನ್ನು ಕಾಜಾದೊಳಗೆ ಮುಕ್ಕಾಲು ತೂರಿಸಿ, ಕೊನೆಯ ಎಳೆತ ಮಾತ್ರ ಶಾಂಭವಿಗೆ. ಚಮಚಕ್ಕೆ ಅನ್ನ ತುಂಬಿ ಬಾಯಿಯ ಹತ್ತಿರ ತಂದು, ಕೊನೆಯ ನಾಲ್ಕು ಬೆರಳಿನ ದೂರ ಅವಳಿಗೆ. ಅದು ಗಟ್ಟಿಯಾದ ಮೇಲೆ ಅರ್ಧ ದೂರ, ಆಮೇಲೆ ಬಟ್ಟಲಿನಿಂದಲೇ. ಹಿಡಿತಕ್ಕೆ ಸಿಗಲೆಂದು ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿಕೊಟ್ಟರು. ಕಾಲು ನೆಲಕ್ಕೆ ಊರುವಂತೆ ಕೂರಿಸಬೇಕು, ಮೊದಲು ಹೆಗಲಿಗೆ ಕಸುವು ಬಂದರೆ ಬೆರಳಿಗೆ ಬರುತ್ತದೆ ಎಂದು ಕೈಯೂರಿ ನಡೆಯುವ ಆಟವನ್ನೂ ಹೇಳಿಕೊಟ್ಟರು. ಎಲ್ಲ ಹೇಳಿದ ಮೇಲೆ ದೇವಕ್ಕನ ಕಡೆ ಬೆರಳು ತೋರಿಸಿ, ಅವಳ ಪಾಲು ಬಂದಾಗ ನೀವು ಕೈಕಟ್ಟಿ ಕೂರಬೇಕು, ಇದು ನಿಮ್ಮ ಹೋಮ್‌ವರ್ಕ್ ಎಂದರು.

ಆ ಬೇಸಿಗೆ ಲಗ್ಗೆರೆಯಲ್ಲಿ ಯಾರಾದರೂ ಕಷ್ಟಪಟ್ಟು ದುಡಿದಿದ್ದರೆ ಅದು ಕೈಕಟ್ಟಿ ಕೂತ ದೇವಕ್ಕ. ಮಗಳು ಚಡ್ಡಿಯ ಎಲಾಸ್ಟಿಕ್ಕಿನ ಜೊತೆ ಗುದ್ದಾಡುವಾಗ ಇವಳ ಹಣೆಯಲ್ಲಿ ಬೆವರು. ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಯಲ್ಲಮ್ಮ ತಾಯಿಯ ಹೆಸರು ಹೇಳುತ್ತಾ ಕೂರುತ್ತಿದ್ದಳು. ಏಪ್ರಿಲ್ ನಡುವಿಗೆ ಚಡ್ಡಿ ಕೈಗೆ ಬಂತು, ಆಮೇಲೆ ನಲ್ಲಿ. ಊಟ ಮಾತ್ರ ಸತಾಯಿಸಿತು. ನೆಲದ ತುಂಬ ಅನ್ನ, ಗೋಡೆಗೆ ಸಾರು, ರೂಮಿನಲ್ಲಿ ಇರುವೆಗಳ ಜಾತ್ರೆ. ಶಾಂಭವಿ ಸೋತು ಅತ್ತು ಚಮಚ ಎಸೆದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ, ನನಗೇ ನೋಡಲಾಗುತ್ತಿರಲಿಲ್ಲ. ದೇವಕ್ಕ ಚಮಚ ಒರೆಸಿ, ಮತ್ತೆ ತುಂಬಿ, ಅರ್ಧ ದಾರಿಗೆ ತಂದು ನಿಲ್ಲಿಸುತ್ತಿದ್ದಳು.

ಒಂದು ಭಾನುವಾರ ಹಣಮಂತ ರೇಗಿದ.

"ಏನ್ ಇದು, ಕೂಸಿನ್ನ ಉಪಾಸ ಕೆಡವತಿ ಏನು?" ಎಂದು ಬಟ್ಟಲಿಗೆ ಕೈ ಹಾಕಲು ಹೋದ.

ದೇವಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. "ಕೈ ಹಚ್ಚಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ, ಕೈ ಮಾತ್ರ ಹಚ್ಚಬ್ಯಾಡ್ರಿ."

ಗಂಡನ ಎದುರು ಅವಳು ಹಾಗೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಹಣಮಂತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಳಗಿನ ಚಮಚದ ಸದ್ದು ನಿಲ್ಲುವವರೆಗೂ ಅಲ್ಲಿಂದ ಏಳಲಿಲ್ಲ. ಎದ್ದು ಹೋಗುವಾಗ, ಸಾಲಿ ಸುರು ಆಗೋತನ ನೋಡ್ತೀನಿ, ಆಮೇಲೆ ನನ್ನ ಮಾತು ಎಂದು ಹೇಳಿಯೇ ಹೋದ.

ಶಾಲೆ ಶುರುವಾದ ದಿನ ಅವರ ರೂಮಿನ ಬಾಗಿಲಲ್ಲಿ ಶಾಂಭವಿಯ ಬಟ್ಟೆಯ ಚೀಲ ಕಟ್ಟಿ ಇಟ್ಟಿತ್ತು. ಸಂಜೆಯ ಬಸ್ಸಿಗೆ ಹಣಮಂತ ಸೀಟು ಹಿಡಿದಿದ್ದ. ನಾನು, ದೇವಕ್ಕ ಇಬ್ಬರೂ ಅಂದು ಸೆಕೆಂಡ್ ಶಿಫ್ಟಿಗೆ ಬದಲಾಯಿಸಿಕೊಂಡು, ತಡವಾಗಿ ಬರುತ್ತೇವೆಂದು ಪರಮಾನಂದನಿಗೆ ಹೇಳಿ, ಊಟದ ಹೊತ್ತಿಗೆ ಶಾಲೆಯ ಹತ್ತಿರ ಹೋದೆವು. ಹಣಮಂತ ಮೊದಲೇ ಬಂದಿದ್ದ. ಒಳಗೆ ಬರಬೇಡಿ, ಕಿಟಕಿಯಿಂದ ನೋಡಿ ಎಂದರು ಹೆಡ್ ಮೇಡಂ.

ಮಕ್ಕಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದರು. ಅನ್ನ ಸಾಂಬಾರು ಬಡಿಸಿದರು. ಶಾಂಭವಿ ಮನೆಯಿಂದ ತಂದಿದ್ದ, ಟ್ಯೂಬ್ ಸುತ್ತಿದ ಚಮಚ ಹಿಡಿದಳು. ಹಿಡಿತ ಚೆನ್ನಾಗಿತ್ತು. ಆದರೆ ತಟ್ಟೆಯೇ ಬೇರೆ. ಮನೆಯಲ್ಲಿ ಅವಳು ಉಂಡದ್ದು ಎತ್ತರದ ಅಂಚಿನ ಬಟ್ಟಲಲ್ಲಿ. ಅನ್ನವನ್ನು ಅಂಚಿಗೆ ಒತ್ತಿ ಚಮಚಕ್ಕೆ ಏರಿಸುವುದು ಅವಳ ರೂಢಿ. ಶಾಲೆಯ ತಟ್ಟೆ ಚಪ್ಪಟೆ, ಅಂಚೇ ಇಲ್ಲ. ಇದು ಸವಿತಾ ಮೇಡಂಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಶಾಂಭವಿ ಚಮಚದಿಂದ ಅನ್ನ ತಳ್ಳಿದಳು, ಅನ್ನ ತಟ್ಟೆಯಾಚೆ ನೆಲಕ್ಕೆ ಬಿತ್ತು. ಮತ್ತೆ ತಳ್ಳಿದಳು, ಮತ್ತೆ ಬಿತ್ತು. ಪಕ್ಕದ ಮಕ್ಕಳು ಅರ್ಧ ಊಟ ಮುಗಿಸಿದ್ದರು. ಅವಳ ಚಮಚಕ್ಕೆ ಮಾತ್ರ ಒಂದು ತುತ್ತೂ ಏರಿರಲಿಲ್ಲ. ಹಣಮಂತ ಕಿಟಕಿಯ ಸರಳು ಹಿಡಿದು, "ಒಂದ್ಸಲ ಹೋಗಿ ತಿನಿಸಿ ಬರ್ತೀನಿ," ಎಂದು ಬಾಗಿಲ ಕಡೆ ತಿರುಗಿದ. ದೇವಕ್ಕ ಅವನ ಅಂಗಿ ಹಿಡಿದು ನಿಲ್ಲಿಸಿದಳು. ಆಮೇಲೆ ಎರಡೂ ಕೈ ಎದೆಗೆ ಕಟ್ಟಿಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಕೈ ಬಿಚ್ಚಲಿಲ್ಲ.

ಶಾಂಭವಿ ಚಮಚ ಕೆಳಗಿಟ್ಟಳು. ಮುಗಿಯಿತು ಎಂದುಕೊಂಡೆ. ಅವಳು ತಟ್ಟೆಯನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಎಡಗೈಯನ್ನು ತಂದು ತಟ್ಟೆಯ ಬದಿಗೆ ಅಡ್ಡ ನಿಲ್ಲಿಸಿದಳು, ಒಡ್ಡು ಕಟ್ಟಿದ ಹಾಗೆ. ಬಲಗೈಯಲ್ಲಿ ಚಮಚ ಎತ್ತಿಕೊಂಡು ಅನ್ನವನ್ನು ಆ ಅಂಗೈಗೆ ಒತ್ತಿದಳು. ಅನ್ನ ಚಮಚಕ್ಕೆ ಏರಿತು. ಬಾಯಿಗೆ ಹೋಯಿತು.

ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಯಲ್ಲಿ ಬಲವೇ ಇಲ್ಲ ಎನ್ನಿಸಿಕೊಂಡ ಹುಡುಗಿ, ಒಂದು ಕೈ ಸಾಲದೆಂದು ಇನ್ನೊಂದನ್ನು ತಾನೇ ಕೆಲಸಕ್ಕೆ ಕರೆದಿತ್ತು. ನಾನು ಅಲ್ಲೇ ಗೊಳೋ ಎಂದು ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಉಳಿದ ಮಕ್ಕಳೆಲ್ಲ ತಟ್ಟೆ ತೊಳೆದು ಆಟಕ್ಕೆ ಹೋದರು. ಅಡುಗೆಯವರು ಪಾತ್ರೆ ಎತ್ತಿದರು, ನೆಲ ಗುಡಿಸಿದರು, ಅವಳೊಬ್ಬಳನ್ನು ಬಿಟ್ಟು ಸುತ್ತ ಗುಡಿಸಿದರು. ಶಾಂಭವಿ ಒಂದೊಂದೇ ಚಮಚ ಎತ್ತುತ್ತಲೇ ಇದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ತಟ್ಟೆ ಖಾಲಿಯಾದ ಮೇಲೆ ನಲ್ಲಿಗೆ ಹೋಗಿ, ಎರಡೂ ಕೈಯಲ್ಲಿ ತಿರುಗಿಸಿ, ಕೈ ತೊಳೆದುಕೊಂಡು ಫ್ರಾಕಿಗೆ ಒರೆಸಿಕೊಂಡಳು.

ಹೆಡ್ ಮೇಡಂ ಗಡಿಯಾರ ನೋಡಿಕೊಂಡು ಗೊಣಗುತ್ತಾ ಹೊರಗೆ ಬಂದರು. ಮೂರು ಜನ ಅವರ ಬಾಯನ್ನೇ ನೋಡುತ್ತಾ ನಿಂತೆವು.

"ಬೆಲ್ ಹೊಡೆದು ಎಷ್ಟೊತ್ತಾಯ್ತು," ಎಂದರು. "ನಾಳೆಯಿಂದ ಇವಳನ್ನ ಅರ್ಧ ಗಂಟೆ ಮುಂಚೆನೇ ಊಟಕ್ಕೆ ಕೂರಿಸ್ಬೇಕು."

ನಾಳೆಯಿಂದ ಎಂದರು. ದೇವಕ್ಕನ ಕೈ ಆಗ ಬಿಚ್ಚಿತು. ಹಣಮಂತ ಕಾಂಪೌಂಡ್ ಗೋಡೆಯ ಕಡೆ ಮುಖ ಮಾಡಿ, ಜೇಬಿನಿಂದ ಫೋನ್ ತೆಗೆದು ಊರಿಗೆ ಹಚ್ಚಿದ.

"ಯವ್ವಾ, ದಾರಿ ನೋಡಬ್ಯಾಡ. ಅಕಿ ಬರಂಗಿಲ್ಲ. ನಾಳಿಗಿ ಸಾಲಿ ಐತಿ."